ಪಾಯಿಂಟಿಗೆ ಬಿದ್ದ ಎಣ್ಣೆ

ದೇವರನ್ನು ನೆನೆದು, ಹೊಲಿಗೆ ಯಂತ್ರಕ್ಕೆ ಮೂರು ಹನಿ ಎಣ್ಣೆ ಬಿಡದೆ ಟೈಲರಕ್ಕ ಒಂದು ದಿನವೂ ಕೆಲಸ ಶುರು ಮಾಡಿದವರಲ್ಲ. ಜ್ವರ ಬಂದ ದಿನವೂ ಅದು ತಪ್ಪುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವರ ಮೋಟಾರ್‌ಸೈಕಲ್ ಹತ್ತೊಂಬತ್ತು ವರ್ಷ ಮೆಟ್ಟಿಲ ಕೆಳಗೆ ಹಳೇ ಚಾದರ ಹೊದ್ದು ನಿಂತಿತ್ತು. ಅದರ ಸದ್ದು ಇನ್ನೊಮ್ಮೆ ಕೇಳಬೇಕೆಂಬುದು ಅಕ್ಕನ ಆಸೆ. ಗ್ಯಾರೇಜು ಇಟ್ಟುಕೊಂಡಿದ್ದ ಮೈದುನ ಆರು ಭಾನುವಾರ ಅದರ ಜೊತೆ ಗುದ್ದಾಡಿದ. ಕಾರ್ಬುರೇಟರ್ ತೊಳೆದ, ವೈರು ಬದಲಿಸಿದ. ನಿನ್ನೆ ಸಂಜೆ ಬಂದು ಪ್ಲಗ್ಗಿನಲ್ಲಿ ಕಿಡಿಯನ್ನೂ ತೋರಿಸಿ ಹೋಗಿದ್ದ. ಇವತ್ತು ಆ ಕಿಡಿಯೇ ಇಲ್ಲ. ಒದ್ದು ಒದ್ದು ಅವನ ಕಾಲು ಸೋತಿತು.

"ಸಾಕಾಯ್ತು ಅತ್ತಿಗೆ. ಇದನ್ನ ಗುಜರಿಗೆ ಹಾಕೋದೇ ಇನ್ನು."

ಅಕ್ಕನ ಮುಖ ಸಣ್ಣದಾಯಿತು. "ಇನ್ನೊಂದ್ಸಲ ನೋಡಪ್ಪಾ. ಬೆಳಗ್ಗೆ ಇದಕ್ಕೂ ಎಣ್ಣೆ ಬಿಟ್ಟಿದ್ದೀನಿ."

"ಎಣ್ಣೆನಾ? ಎಲ್ಲಿಗೆ?"

"ಕಂಡ ಕಂಡ ತೂತಿಗೆಲ್ಲ."

ಮೈದುನ ಬಗ್ಗಿ ನೋಡಿದ. ಕಿಡಿ ಹುಟ್ಟಬೇಕಾದರೆ ಒಣಗಿರಲೇಬೇಕಾದ ಪಾಯಿಂಟು ಎಣ್ಣೆಯಲ್ಲಿ ಮಿಂದಿತ್ತು. ಹಣೆ ಹಣೆ ಚಚ್ಚಿಕೊಂಡು ನಕ್ಕ.

"ಅಯ್ಯೋ ಅತ್ತಿಗೆ, ಇದೇನು ನಿಮ್ಮ ಹೊಲಿಗೆ ಮಷೀನಾ?"

"ನಿನ್ನೆ ಇದರ ಮುಚ್ಚಳ ಹಾಕದೆ ಹೋದ ಮೇಸ್ತ್ರಿ ಯಾರಪ್ಪಾ?" ಎನ್ನುತ್ತಲೇ ಅಕ್ಕ ಹತ್ತಿ ಬಟ್ಟೆಯ ಚೂರು ತಂದು ಪಾಯಿಂಟನ್ನು ಒರೆಸಿದರು.

ಎರಡನೇ ಒದೆತಕ್ಕೆ ಗಾಡಿ ಕೆಮ್ಮಿ, ಹೊಗೆ ಉಗುಳಿ, ಗುಡುಗುಡು ಎಂದಿತು. ಅಕ್ಕ ಕಣ್ಣು ಮುಚ್ಚಿ ಕೈಮುಗಿದರು.

"ಹಿಂದೆ ಕೂತ್ಕೊಳ್ಳಿ ಅತ್ತಿಗೆ, ಒಂದು ಸುತ್ತು ಕರ್ಕೊಂಡು ಹೋಗ್ತೀನಿ."

"ಬೇಡಪ್ಪಾ," ಎಂದರು ಅಕ್ಕ. "ಓಡಿಸೋದನ್ನ ನಿಮ್ಮಣ್ಣ ನನಗೆ ಇದರಲ್ಲೇ ಕಲಿಸಿದ್ರು. ನೀನು ಇಳಿ."