ನಮ್ಮ ಮನೆಯ ಎರಡನೇ ಚಕ್ರವರ್ತಿ

ರೋಮಿನಲ್ಲಿ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು ಗದ್ದುಗೆ ಏರಿದ್ದರೆಂದು ನನಗೆ ತಿಳಿದದ್ದು ಕಡಲಾಚೆಯ ಬ್ರ್ಯಾಂಪ್ಟನ್ನಿನ ನಮ್ಮ ಅಡುಗೆಮನೆಯಲ್ಲಿ. ಆ ಅಕ್ಟೋಬರಿನಲ್ಲಿ ಹೈಸ್ಕೂಲು ಓದುತ್ತಿದ್ದ ಮಗಳು ಅದರ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಮೊದಲನೆಯವನು ಶಿಸ್ತಿನ ಮುದುಕನಂತೆ. ಕಾವಲುಪಡೆಗೆ ಸಲ್ಲಬೇಕಾದ ಇನಾಮು ಕೊಡುವುದಿಲ್ಲವೆಂದ. ಅವರು ಅವನನ್ನೇ ಮುಗಿಸಿದರು.

"ಇದು ನಮ್ಮ ಸಂಘದ ಕಥೀನ ಅದ" ಎಂದೆ. ಮಗಳು ನಕ್ಕಳು. ನಾನೇನೂ ತಮಾಷೆ ಮಾಡಿರಲಿಲ್ಲ.

ನಮ್ಮ ಕನ್ನಡ ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಸಮಿತಿ ಎಲ್ಲ ಇದ್ದರೂ ಅಧಿಕಾರವಿದ್ದದ್ದು ಅಡುಗೆಪಡೆಯ ಕೈಯಲ್ಲಿ. ಹಬ್ಬದ ದಿನ ಬೆಳಿಗ್ಗೆ ಬಾಡಿಗೆ ಶಾಲೆಗೆ ಬಂದು, ಬಂದವರಿಗೆಲ್ಲ ಪುಳಿಯೋಗರೆ ಕಲಸುವ ಆರೇಳು ಜನ ಅವರು. ಊಟ ಮುಗಿದ ಮೇಲೆ ಉಳಿದದ್ದರಲ್ಲಿ ಮೊದಲ ಪಾಲು ಅವರದು. ಅದಕ್ಕಾಗಿ ಪ್ರತಿಯೊಬ್ಬರೂ ಖಾಲಿ ಮೊಸರಿನ ಡಬ್ಬಿಗಳನ್ನು ಚೀಲ ತುಂಬ ತರುತ್ತಿದ್ದರು. ಆ ಸಂಕ್ರಾಂತಿಗೆ ಅಧ್ಯಕ್ಷರು, ಬೆಂಗಳೂರಿನ ನಿವೃತ್ತ ಎಂಜಿನಿಯರು, ಮೈಕು ಹಿಡಿದು ಡಬ್ಬಿ ಪದ್ಧತಿ ರದ್ದು ಎಂದು ಘೋಷಿಸಿದರು. ಯುಗಾದಿಗೆ ಅಡುಗೆಪಡೆಯ ಒಬ್ಬರೂ ಬರಲಿಲ್ಲ. ನಾವೆಲ್ಲ ಬೇವುಬೆಲ್ಲದ ಜೊತೆ ಪಿಜ್ಜಾ ತಿಂದೆವು. ಮರುವಾರ ಅಧ್ಯಕ್ಷರು ಆರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಬರೆದರು.

ಅಡುಗೆಪಡೆ ನೇರ ನಮ್ಮ ಮನೆಗೆ ಬಂತು. ರೋಮಿನ ಎರಡನೆಯವನಿಗೆ ಮೊದಲನೆಯವನ ಕೊಲೆಯಲ್ಲಿ ಕೈಯಿತ್ತಂತೆ. ನನ್ನ ಗಂಡನ ಕೈ ಇರಲಿಲ್ಲ, ಬಾಯಿ ಮಾತ್ರ ಸ್ವಲ್ಪ ಇತ್ತು. ಡಬ್ಬಿಗಳು ವಾಪಸ್ಸು ಬರುತ್ತವೆ ಎಂದು ಮಾತು ಕೊಟ್ಟು ಮೈಸೂರಿನ ನನ್ನ ಯಜಮಾನರು ಅಧ್ಯಕ್ಷರಾದರು.

ಹಿಂದಿನ ವರ್ಷ ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ಜನರನ್ನು ಮನೆಗೆ ಕಳಿಸಿದಾಗ ಅವರ ಕೆಲಸವೂ ಹೋಗಿತ್ತು. ಈಗ ಪಕ್ಕದ ಊರು ವಾನ್‌ನ ಒಂದು ವೇರ್‌ಹೌಸಿನಲ್ಲಿ ಡಬ್ಬಗಳಿಗೆ ಲೇಬಲ್ಲು ಅಂಟಿಸುತ್ತಿದ್ದರು. ಅಲ್ಲಿ ಅವರ ಹೆಸರನ್ನು ಸರಿಯಾಗಿ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂಘದಲ್ಲಿ ಮಾತ್ರ ಎಲ್ಲರೂ "ಅಧ್ಯಕ್ಷರೇ" ಎನ್ನುತ್ತಿದ್ದರು. ಮೀಟಿಂಗಿದ್ದ ಭಾನುವಾರ ಅಂಗಿಗೆ ಎರಡೆರಡು ಸಲ ಇಸ್ತ್ರಿ. ನಾನು ಚುಡಾಯಿಸುತ್ತಿದ್ದೆ. ಆದರೆ ಫೋನು ಬಂದರೆ "ಅಧ್ಯಕ್ಷರು ಸ್ನಾನಕ್ಕ ಹೋಗ್ಯಾರ" ಎಂದು ಹೇಳುತ್ತಿದ್ದವಳೂ ನಾನೇ.

ಅಷ್ಟರಲ್ಲಿ ಸಂಘದ ಪಿಕರಿಂಗ್ ಕಡೆಯವರು, ಕಾರಿನಲ್ಲಿ ಒಂದು ತಾಸು ದೂರದ ಊರಿನವರು, ದಂಗೆಯೆದ್ದರು. ಎಲ್ಲ ಕಾರ್ಯಕ್ರಮ ಬ್ರ್ಯಾಂಪ್ಟನ್ನಿನಲ್ಲೇ ಏಕೆ ಎಂಬುದು ಅವರ ತಕರಾರು. ರೋಮಿನ ತಿಂಡಿಪೋತ ಮೂರನೆಯವನ ಹಾಗೆ, ಮದುವೆಯ ಊಟದಲ್ಲಿ ಮೂರನೇ ಸಲ ಹೋಳಿಗೆ ಹಾಕಿಸಿಕೊಳ್ಳುವ ಒಬ್ಬರನ್ನು ಅವರು ತಮ್ಮ ಅಧ್ಯಕ್ಷರೆಂದು ಸಾರಿದರು. ಜೋಳದ ರೊಟ್ಟಿ ಬಡಿಯುವ ಬೇರೆ ಪಡೆಯೂ ತಯಾರಾಯಿತು. ಒಂದೇ ಶನಿವಾರ, ಎರಡು ಶಾಲೆ, ಎರಡು ರಾಜ್ಯೋತ್ಸವ ಎಂದು ನಿಗದಿಯಾಯಿತು. ವರ್ಷವಿಡೀ ಒಟ್ಟಿಗೆ ಕೋಲಾಟ ಕಲಿತ ಹುಡುಗಿಯರನ್ನು ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ ಹಂಚಿದರು. ಕೋಲಾಟಕ್ಕೆ ಜೋಡಿ ಬೇಕೆಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಕೊನೆಗೆ ಎರಡೂ ಕಡೆಯವರ ಸಾಮಾನ್ಯ ಸಭೆ ಕರೆದರು. ಮತ ಎಣಿಸಿದರೆ ನಮ್ಮದೇ ಗೆಲುವು, ಅದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಸಂಜೆ ಮಗಳು ತನ್ನ ಪ್ರಬಂಧ ಓದಿ ಹೇಳಿದಳು. ಎರಡನೇ ಚಕ್ರವರ್ತಿ ಒಂದು ಯುದ್ಧ ಸೋತ. ಆಮೇಲೆ ತನಗೋಸ್ಕರ ಇನ್ನು ಯಾರೂ ಸಾಯುವುದು ಬೇಡವೆಂದು ತನ್ನ ಕೈಯಾರೆ ತನ್ನನ್ನು ಮುಗಿಸಿಕೊಂಡ.

"ಅವನ ಸೈನ್ಯ ಇನ್ನೂ ಇತ್ತಾ?" ಎಂದು ಇವರು ಕೇಳಿದರು.

"ಯಾ ಅಪ್ಪಾ. ದೇ ಬೆಗ್ಡ್ ಹಿಮ್ ಟು ಫೈಟ್."

ಇವರು ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತ ಕೂತರು.

ಸಭೆಯಲ್ಲಿ ಎದ್ದು ನಿಂತು ಇಷ್ಟೇ ಹೇಳಿದರು: "ಎರಡು ರಾಜ್ಯೋತ್ಸವ ಬೇಡ. ನಾನು ಬಿಟ್ಟುಕೊಡ್ತೀನಿ. ಮಕ್ಕಳು ಒಂದೇ ಕಡೆ ಕುಣೀಲಿ." ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಅಡುಗೆಪಡೆಯವರು ಆಗಲೇ ಹೋಳಿಗೆಯವರ ಪಕ್ಕದ ಕುರ್ಚಿಗಳಿಗೆ ಸರಿಯುತ್ತಿದ್ದರು.

ಮುಂದಿನದನ್ನೂ ಹೇಳಿಬಿಡುತ್ತೇನೆ. ಹೋಳಿಗೆಯವರು ಡಿಸೆಂಬರಿನೊಳಗೇ ಉರುಳಿದರು. ನಾಲ್ಕನೆಯವನು ರೋಮಿನಲ್ಲಿ ಹಿಂದೊಮ್ಮೆ ಹೇಸರಗತ್ತೆಯ ವ್ಯಾಪಾರ ಮಾಡಿದ್ದವನಂತೆ, ನಮ್ಮಲ್ಲಿ ಟ್ರಕ್ಕುಗಳ ಮಾಲೀಕ. ಇಬ್ಬರೂ ಹತ್ತು ವರ್ಷ ಅಲುಗಾಡಲಿಲ್ಲ.

ಆ ದಿನ ಸಭೆ ಮುಗಿಸಿ ಕಾರಿನಲ್ಲಿ ಬರುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. "ನೀವು ಗೆಲ್ಲತಿದ್ರಿ. ಯಾಕ ಬಿಟ್ರಿ?"

ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಅವರು ನನ್ನ ಕಡೆ ನೋಡಲಿಲ್ಲ.

"ನಾನಾಗೇ ಬಿಟ್ಟೆ ಅಂತ ಹೇಳೋಕೆ ನನ್ನ ಹತ್ರ ಬೇರೆ ಏನೂ ಉಳಿದಿರಲಿಲ್ಲ ಕಣೇ. ಆ ಕೆಲಸಾನ ಕಂಪನಿಯವರೇ ಕಿತ್ತುಕೊಂಡ್ರು. ಇದನ್ನ ನಾನೇ ಕೊಟ್ಟೆ."