ಕೋಳಿಯ ಮೇಲೆ ಬಂದ ಪಿನ್ನಿನ ಅನುಮಾನ

ಗೆಳೆಯರೇ, ಇವತ್ತು ಹಲವಾಗಲು ಊರಿನ ನಮ್ಮ ಸೋದರಮಾವನ ಮನೆಯಲ್ಲಿ ಒಂದು ಕೋಳಿ ಸ್ವಲ್ಪದರಲ್ಲಿ ಪಾರಾಯಿತು.

ಚುನಾವಣೆಗೆಂದು ಪೊಲೀಸ್ ಠಾಣೆಗೆ ಒಪ್ಪಿಸಿದ್ದ ಮಾವನ ಲೈಸೆನ್ಸ್ ಬಂದೂಕು ವಾಪಸ್ ಬರುವಷ್ಟರಲ್ಲಿ ತುಕ್ಕು ಹಿಡಿದಿತ್ತು. ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಾವ ಅಂಗಳದಲ್ಲಿ ಚಾಪೆ ಹಾಸಿ ಅದನ್ನು ಬಿಚ್ಚಲು ಕೂತರು. ಬಂದೂಕಿನ ಭಾಗಗಳನ್ನು ಜೋಡಿಸಿ ಹಿಡಿದಿಡುವ, ಬೆಂಕಿಕಡ್ಡಿ ದಪ್ಪದ, ಒಳಗೆ ಪೊಳ್ಳಾದ ರೋಲ್ ಪಿನ್ನೊಂದು ಸುತ್ತಿಗೆಯ ಏಟಿಗೆ ಟಣ್ಣನೆ ಹಾರಿ ಕಾಣೆಯಾಯಿತು. ಅಷ್ಟರಲ್ಲೇ ಅತ್ತೆಯ ಕೋಳಿ ಅಲ್ಲಿ ಏನನ್ನೋ ಕುಕ್ಕಿ ನುಂಗಿತು.

“ಪಿನ್ನು ನುಂಗೈತಿ ಇದು! ಚಾಕು ತಾ!” ಎಂದು ಮಾವ ಎದ್ದರು.

ಅತ್ತೆ ಕೋಳಿಯನ್ನು ಕಂಕುಳಿಗೆ ಸೇರಿಸಿಕೊಂಡು ಅಡ್ಡ ನಿಂತರು. “ಪಿನ್ನು ಹರಪನಹಳ್ಳಿ ಪ್ಯಾಟ್ಯಾಗ ಸಿಗತೈತಿ. ದಿನಾ ಮೊಟ್ಟಿ ಇಡೋ ಕೋಳಿ ಎಲ್ಲಿ ಸಿಗತೈತಿ ಹೇಳ್ರಿ?”

ನಾನು ಚಾಪೆ ಎತ್ತಿ ಕೊಡವಿದೆ. ಪಿನ್ನು ಉರುಳಿಹೋಗಿ ಅದರ ಅಂಚಿನಡಿಯಲ್ಲೇ ಸೇರಿಕೊಂಡಿತ್ತು.

ಅದನ್ನು ತಿರುಗಿ ಕೂರಿಸುವಾಗ ಬಂದೂಕು ಅಲ್ಲಾಡದಂತೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಾಯಿತು. ಅತ್ತೆಯೇ ಬಂದರು. ಒಂದು ಕೈಯಲ್ಲಿ ಬಂದೂಕು ಒತ್ತಿ ಹಿಡಿದರು, ಇನ್ನೊಂದು ಕೈಯಿಂದ ಕೋಳಿಯನ್ನು ಮಾತ್ರ ಬಿಡಲಿಲ್ಲ. ಮಾವ ಮೆಲ್ಲಗೆ ಬಡಿದರು, ಪಿನ್ನು ಕೂತಿತು.

ರಾಜಿಯಾಗುವ ಧ್ವನಿಯಲ್ಲಿ ಮಾವ ಕೇಳಿದರು, “ಮಧ್ಯಾಹ್ನ ಊಟಕ್ಕ ಏನ್ ಮಾಡ್ತಿ?”

“ಕೋಳಿ ಒಂದು ಬಿಟ್ಟು ಏನ್ ಬೇಕಾದ್ರೂ ಕೇಳ್ರಿ.”