ಗೋಡೆ ಉಜ್ಜದ ಬ್ರಷ್ಷಿನಕ್ಕ

ಬೆಳಗಿನ ಆರು ಗಂಟೆ. ಬೆಟ್ಟದ ರಸ್ತೆಯ ಕಲ್ಲಿನ ತಡೆಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದಾರೆ ಬ್ರಷ್ಷಿನಕ್ಕ. ಕೈಯಲ್ಲಿ ತಂತಿ ಬಗ್ಗಿಸಿ ಮಾಡಿದ ಬಳೆಯಗಲದ ಉಂಗುರ, ಸೊಂಟದಲ್ಲಿ ಕಚೇರಿ ಕೊಟ್ಟ ಹೊಸ ತಂತಿ ಬ್ರಷ್. ಉಂಗುರವನ್ನು ಕಲ್ಲಿಗೊತ್ತಿ, ಅದರೊಳಗಿನ ಬಣ್ಣಗಳನ್ನು ಬೆರಳು ಮಡಚಿ ಎಣಿಸುತ್ತಾರೆ: ಬೂದಿ, ಹಳದಿ, ತುಕ್ಕಿನ ಕೆಂಪು, ಅಂಚು ಎದ್ದ ಹಸಿರು, ಹೀಗೆ. "ಏಳು ಜಾತಿ. ಹೋದ ವರ್ಷವೂ ಏಳೇ. ಯಾರೂ ಮನೆ ಬಿಟ್ಟಿಲ್ಲ" ಎನ್ನುತ್ತಾರೆ.

ಇವು ಕಲ್ಲುಹೂಗಳು. ಪಾಚಿ, ಶಿಲೀಂಧ್ರ ಕೂಡಿ ಸಂಸಾರ ಹೂಡಿದ ಜೀವಗಳು. ಕೆಲವು ವರ್ಷಕ್ಕೆ ಉಗುರಿನ ದಪ್ಪದಷ್ಟೂ ಹರಡುವುದಿಲ್ಲ. ರಸ್ತೆ ಕಚೇರಿಯ ಕಣ್ಣಿಗೆ ಮಾತ್ರ ಇವು ಕೊಳೆ. ಗೋಡೆ ಉಜ್ಜುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾದರೂ ಹತ್ತೊಂಬತ್ತು ವರ್ಷದಿಂದ ಗೋಡೆ ಮುಟ್ಟದ ಮಹಾತಾಯಿ ಇವರು. ಚರಂಡಿ, ಫಲಕ, ಪ್ಲಾಸ್ಟಿಕ್ ಕಸ ಯಾವುದರಲ್ಲೂ ಇವರ ಕೆಲಸಕ್ಕೆ ಹೆಸರಿಡುವಂತಿಲ್ಲ. ಹಾಗಾಗಿ ಮೇಸ್ತ್ರಿ ಕಂಡೂ ಕಾಣದಂತಿದ್ದರು.

ಉಜ್ಜಿದ್ದು ಮೊದಲ ವರ್ಷ ಮಾತ್ರ. ಹೊಸ ಹುರುಪಿನಲ್ಲಿ ಮೂರನೇ ತಿರುವಿನ ಗೋಡೆಯನ್ನು ಪಾತ್ರೆಯಂತೆ ಬೆಳಗಿಬಿಟ್ಟರು. ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಮರುವಾರ ಕಲ್ಲುಹೂಗಳ ಅಧ್ಯಯನಕ್ಕೆ ಬಂದ ಮೇಡಮ್ಮೊಬ್ಬರು ಆ ಗೋಡೆಯೆದುರು ಕುಸಿದು ಕೂತರು. "ಬೈಯಲಿಲ್ಲ. ಇಲ್ಲೊಂದು ಜಾತಿ ಇತ್ತು, ಈ ಬೆಟ್ಟದಲ್ಲಿ ಬೇರೆಲ್ಲೂ ನಾನು ನೋಡಿಲ್ಲ ಅಂದ್ರು, ಅಷ್ಟೇ. ಬೈದಿದ್ರೆ ಮರ್ತುಬಿಡ್ತಿದ್ದೆ."

ಉಂಗುರವಿಟ್ಟು ಎಣಿಸಲು ಕಲಿಸಿದ್ದೂ ಆ ಮೇಡಮ್ಮೇ. ಈಗ ನಾಲ್ಕು ಕಿಲೋಮೀಟರ್ ಗೋಡೆಯಲ್ಲಿ ಉಂಗುರವಿಡುವ ನೂರಹನ್ನೆರಡು ಗುರುತು, ನಲವತ್ತಮೂರು ಜಾತಿ, ಎಲ್ಲವೂ ನೋಟ್‌ಬುಕ್ಕಿನಲ್ಲಿ. ಶಾಸ್ತ್ರದ ಹೆಸರು ಗೊತ್ತಿಲ್ಲದ್ದಕ್ಕೆ ನೆಂಟರ ಹೆಸರು. ಒಂದು 'ಬೋಳುತಲೆ ಚಿಕ್ಕಪ್ಪ', ಇನ್ನೊಂದು 'ಸುಕ್ಕುಮೋರೆ ಅತ್ತೆ'. "ದಯವಿಟ್ಟು ನಮ್ಮಮ್ಮನಿಗೆ ಹೇಳ್ಬೇಡಿ" ಎಂದು ಅಕ್ಕನ ಗಂಡ, ಇವರ ಬಗ್ಗೆ ಬರೆಯಲು ಬಂದ ನನಗೆ ಕೈಮುಗಿಯುತ್ತಾರೆ.

ನಗು ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಅಧಿಕಾರಿಯ ಭೇಟಿಯಿದೆ, ಎಂಟು ದಿನದಲ್ಲಿ ಗೋಡೆ ಲಕಲಕ ಅನ್ನಬೇಕು, ಇಲ್ಲವಾದರೆ ಕೆಲಸವಿಲ್ಲ ಎಂಬ ಆದೇಶ ಬಂದಿದೆ. ಬೆನ್ನುನೋವಿನಿಂದ ಗಂಡ ಕೆಲಸಕ್ಕೆ ಹೋಗುವಂತಿಲ್ಲ. ಮನೆಯಲ್ಲಿ ದುಡಿಯುವವರು ಇವರೊಬ್ಬರೇ. ಆದರೂ ಆದೇಶದ ಹಿಂಬದಿಗೆ 'ಉಜ್ಜುವುದಿಲ್ಲ' ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಇವತ್ತಿಗೆ ಆರು ದಿನ ಕಳೆಯಿತು.

"ಕಣ್ಣಿಗೆ ಕಾಣೋಷ್ಟಾದ್ರೂ ಉಜ್ಜಿಬಿಡಿ ಅಕ್ಕ, ಮತ್ತೆ ಬೆಳ್ಕೊಳ್ಳುತ್ತೆ" ಎಂದು ಮೇಸ್ತ್ರಿ ಕೊನೆಯ ಸಲ ಅಂಗಲಾಚುತ್ತಾರೆ. ಅಕ್ಕ ನಮ್ಮಿಬ್ಬರನ್ನೂ ಮೂರನೇ ತಿರುವಿಗೆ ಕರೆದೊಯ್ಯುತ್ತಾರೆ. ಅವತ್ತು ಬೆಳಗಿದ ಗೋಡೆ ಇವತ್ತಿಗೂ ಬೋಳು. ಕೆಳಗಿನ ಸಂದಿಯೊಂದರಲ್ಲಿ ಗುಂಡುಸೂಜಿ ತಲೆಯಷ್ಟು ಬೂದುಬಣ್ಣದ ಚುಕ್ಕಿಯಿದೆ. ನೋಡಲು ಮಂಡಿಯೂರಬೇಕು. ಮೇಸ್ತ್ರಿಯೂ ಊರುತ್ತಾರೆ.

"ನೀವು ಹೇಳಿದ 'ಮತ್ತೆ ಬೆಳ್ಕೊಳ್ಳುತ್ತೆ' ಇದೇ. ಹತ್ತೊಂಬತ್ತು ವರ್ಷಕ್ಕೆ ಇಷ್ಟು" ಎನ್ನುತ್ತಾರೆ ಅಕ್ಕ. ಸೊಂಟದ ಬ್ರಷ್ ತೆಗೆದು ಮೇಸ್ತ್ರಿಯ ಕೈಗಿಡುತ್ತಾರೆ. "ನಾಡಿದ್ದು ಸಾಹೇಬ್ರನ್ನ ಮೊದಲು ಇಲ್ಲಿಗೇ ಕರ್ಕೊಂಡು ಬನ್ನಿ. ಅವರೂ ಮಂಡಿಯೂರಿ ನೋಡ್ಲಿ. ಆಮೇಲೂ ಉಜ್ಜಲೇಬೇಕು ಅಂದ್ರೆ ಈ ಬ್ರಷ್ ಅವರಿಗೇ ಕೊಡಿ. ನಾನು ಉಜ್ಜೋದೆಲ್ಲಾ ಅವತ್ತೇ ಉಜ್ಜಿ ಆಗಿದೆ."